ಕಾಫ್ಕಾ ಕನ್ಸ್ಯೂಮರ್‌ನ ಬಾಕಿ ನಿಜವಾಗಿ ತೀರಿದೆಯೇ? ಖಚಿತಪಡಿಸಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಪ್ರೋಗ್ರಾಂಗಳ ನಡುವೆ ಸಂದೇಶಗಳನ್ನು ಸಾಗಿಸುವ ವ್ಯವಸ್ಥೆ ಕಾಫ್ಕಾ. ಅದಕ್ಕೆ ಸಂದೇಶ ಬರೆಯುವ ಪ್ರೋಗ್ರಾಂ ಪ್ರೊಡ್ಯೂಸರ್, ಓದುವ ಪ್ರೋಗ್ರಾಂ ಕನ್ಸ್ಯೂಮರ್, ಹೊಸ ಸಂದೇಶ ಇದೆಯೇ ಎಂದು ಕನ್ಸ್ಯೂಮರ್ ಕೇಳುವುದು ಪೋಲ್, ಇನ್ನೂ ಓದಿ ಮುಗಿಸದ ಸಂದೇಶಗಳು ಬಾಕಿ. "ಪೋಲ್ ಮಾಡಿದಾಗ ಏನೂ ಬರಲಿಲ್ಲ, ಆದ್ದರಿಂದ ಎಲ್ಲವನ್ನೂ ಓದಿ ಮುಗಿಸಿದ್ದೇವೆ" ಎಂಬ ತರ್ಕದ ಮೇಲೆ ಬರೆದ ಕೋಡ್ ಡೆವಲಪರ್‌ನ ಲ್ಯಾಪ್‌ಟಾಪ್‌ನಲ್ಲಿ ಸರಿಯಾಗಿಯೇ ನಡೆಯುತ್ತದೆ, ಪ್ರೊಡಕ್ಷನ್‌ನಲ್ಲಿ ನೆಟ್‌ವರ್ಕ್ ಸ್ವಲ್ಪ ನಿಧಾನವಾದ ದಿನವೇ ಕೈಕೊಡುತ್ತದೆ. ಅರ್ಧ ತುಂಬಿದ ಕ್ಯಾಶ್‌ನಿಂದ (ಮೆಮೊರಿಯಲ್ಲಿಟ್ಟುಕೊಂಡ ಪ್ರತಿಯಿಂದ) ಸರ್ವಿಸ್ ಉತ್ತರ ಕೊಡತೊಡಗುತ್ತದೆ. ಇಲ್ಲವೇ ಹಳೆಯ ಕನ್ಸ್ಯೂಮರ್ ಇನ್ನೂ ಓದುತ್ತಿರುವಾಗಲೇ ಅದನ್ನು ನಿಲ್ಲಿಸಿ ಹೊಸದಕ್ಕೆ ಕೆಲಸ ಒಪ್ಪಿಸಲಾಗುತ್ತದೆ. ಇದಕ್ಕೆ ವಿರುದ್ಧವಾದ ಇನ್ನೊಂದು ಸೋಲೂ ಅಷ್ಟೇ ಸಾಮಾನ್ಯ: ಬಾಕಿ ತೀರಿದ್ದರೂ ಪ್ರೋಗ್ರಾಂಗೆ ಅದು ಗೊತ್ತಾಗದೆ, ಎಂದೂ ಬಾರದ ಸಂದೇಶಕ್ಕಾಗಿ ಕಾಯುತ್ತಲೇ ಕೂರುತ್ತದೆ. ಎರಡೂ ಸೋಲುಗಳ ಮೂಲ ಒಂದೇ. ಗಡಿ ಯಾವುದೆಂದು ಮೊದಲು ನಿಗದಿಪಡಿಸದೆ, ಅದನ್ನು ಮುಟ್ಟಿದೆವೇ ಎಂದು ಕೇಳುತ್ತಿದ್ದೇವೆ.

ಈ ಲೇಖನದ ಹಂತಗಳು ಅಪಾಚೆ ಕಾಫ್ಕಾ ಮತ್ತು ಅದರ ಜಾವಾ ಕ್ಲೈಂಟ್‌ಗೆ ಸಂಬಂಧಿಸಿದವು. ಹಂತಗಳ ಕ್ರಮ ಮುಖ್ಯ, ಏಕೆಂದರೆ ಮೂರನೆಯದನ್ನು ಎರಡನೆಯದಕ್ಕಿಂತ ಮೊದಲು ಮಾಡಿದರೆ ಇಡೀ ಲೆಕ್ಕ ತಪ್ಪುತ್ತದೆ.

## ಬೇಕಾಗುವ ಸಲಕರಣೆಗಳು

ಕನ್ಸ್ಯೂಮರ್ ಕೋಡ್ ಬದಲಿಸುವ ಅವಕಾಶ, ಬ್ರೋಕರ್‌ಗೆ (ಸಂದೇಶಗಳನ್ನು ಇಟ್ಟುಕೊಳ್ಳುವ ಕಾಫ್ಕಾ ಸರ್ವರ್‌ಗೆ) ಸಂಪರ್ಕ, ಹಾಗೂ ಕಾಫ್ಕಾ ಜೊತೆಗೇ ಬರುವ ಕಾಫ್ಕಾ-ಕನ್ಸ್ಯೂಮರ್-ಗ್ರೂಪ್ಸ್ ಎಂಬ ಕಮಾಂಡ್ ಇಷ್ಟಿದ್ದರೆ ಸಾಕು. ಸಂದೇಶಗಳ ಒಂದು ವರ್ಗ ಟಾಪಿಕ್, ಟಾಪಿಕ್‌ನ ಒಂದೊಂದು ಭಾಗ ಪಾರ್ಟಿಷನ್, ಪಾರ್ಟಿಷನ್‌ನ ಸಂದೇಶಗಳ ಸಾಲು ಲಾಗ್, ಆ ಸಾಲಿನಲ್ಲಿ ಸಂದೇಶದ ಕ್ರಮಸಂಖ್ಯೆ ಆಫ್‌ಸೆಟ್, ಎಲ್ಲಿಯವರೆಗೆ ಓದಿದೆವು ಎಂದು ದಾಖಲಿಸುವುದು ಕಮಿಟ್. ಆ ಕಮಾಂಡ್‌ಗೆ ಡಿಸ್ಕ್ರೈಬ್ ಆಯ್ಕೆ ಕೊಟ್ಟರೆ ಪ್ರತಿ ಪಾರ್ಟಿಷನ್‌ಗೂ ಕಮಿಟ್ ಆದ ಆಫ್‌ಸೆಟ್, ಲಾಗ್‌ನ ಕೊನೆಯ ಆಫ್‌ಸೆಟ್ ಮತ್ತು ಅವೆರಡರ ಅಂತರವಾದ ಲ್ಯಾಗ್ ಕಾಣುತ್ತವೆ. ಟ್ರಾನ್ಸಾಕ್ಷನ್ (ಹಲವು ಸಂದೇಶಗಳನ್ನು ಒಟ್ಟಿಗೇ ಒಪ್ಪುವ ಇಲ್ಲವೇ ಒಟ್ಟಿಗೇ ಬಿಡುವ ವ್ಯವಸ್ಥೆ) ಬಳಸುವವರು ಕಾಫ್ಕಾ-ಟ್ರಾನ್ಸಾಕ್ಷನ್ಸ್ ಕಮಾಂಡನ್ನೂ ಕೈಗೆಟುಕುವಂತೆ ಇಟ್ಟುಕೊಳ್ಳಬೇಕು.

ಮುಂದುವರಿಯುವ ಮೊದಲು ನಾಲ್ಕು ಸಂಖ್ಯೆಗಳನ್ನು ಬೇರೆಬೇರೆಯಾಗಿ ಗುರುತಿಸಲು ಕಲಿಯಿರಿ. ಎಂಡ್ ಆಫ್‌ಸೆಟ್ ಎಂದರೆ ಕೊನೆಯ ಸಂದೇಶದ ಆಫ್‌ಸೆಟ್ ಅಲ್ಲ, ಮುಂದೆ ಬರಲಿರುವ ಸಂದೇಶಕ್ಕೆ ಸಿಗುವ ಆಫ್‌ಸೆಟ್. ಪೊಸಿಷನ್ ಎಂದರೆ ಈ ಕನ್ಸ್ಯೂಮರ್ ಮುಂದೆ ಎಲ್ಲಿಂದ ಓದಲಿದೆ ಎಂಬುದು. ಕಮಿಟೆಡ್ ಎಂದರೆ ಗ್ರೂಪ್‌ನ (ಕೆಲಸ ಹಂಚಿಕೊಳ್ಳುವ ಕನ್ಸ್ಯೂಮರ್‌ಗಳ ಗುಂಪಿನ) ಹೆಸರಿನಲ್ಲಿ ಬ್ರೋಕರ್‌ನಲ್ಲಿ ದಾಖಲಾದ ಜಾಗ. ನಾಲ್ಕನೆಯದನ್ನು ಕಾಫ್ಕಾ ನಿಮಗೆ ಹೇಳುವುದೇ ಇಲ್ಲ: ನಿಮ್ಮ ಕೋಡ್ ಎಲ್ಲಿಯವರೆಗಿನ ಸಂದೇಶಗಳ ಕೆಲಸವನ್ನು ನಿಜವಾಗಿ ಮುಗಿಸಿದೆ ಎಂಬುದು. ನಾಲ್ಕೂ ಒಂದೇ ಸಂಖ್ಯೆಯಾಗಿರುವುದು ವ್ಯವಸ್ಥೆ ಸುಮ್ಮನಿದ್ದಾಗ ಮಾತ್ರ.

## ಹಂತ 1: ಯಾವ ಬಾಕಿ ತೀರಬೇಕು ಎಂದು ಬರೆದಿಟ್ಟುಕೊಳ್ಳಿ

ಜೀವಂತ ಟಾಪಿಕ್‌ನಲ್ಲಿ ಸಂದೇಶಗಳು ನಿಲ್ಲದೆ ಬರುತ್ತಿರುತ್ತವೆ. ಅಲ್ಲಿ "ಎಲ್ಲವೂ ಮುಗಿಯಿತು" ಎಂಬ ಸ್ಥಿತಿಯೇ ಇಲ್ಲ. ಇರುವುದು "ಇಂಥ ಕ್ಷಣದವರೆಗೆ ಬಂದದ್ದೆಲ್ಲ ಮುಗಿಯಿತು" ಎಂಬ ಸ್ಥಿತಿ ಮಾತ್ರ. ನ್ಯಾಯಬೆಲೆ ಅಂಗಡಿಯಲ್ಲಿ ಸಾಲು ಕರಗದೇ ಇದ್ದಾಗ, ಆ ಹೊತ್ತಿಗೆ ಸಾಲಿನಲ್ಲಿದ್ದವರಿಗೆಲ್ಲ ಚೀಟಿ ಹಂಚಿ, ಕೊನೆಯ ಚೀಟಿಯವರೆಗೆ ಕೊಟ್ಟು ಮುಗಿಸುವಂತೆ, ಇಲ್ಲಿಯೂ ಒಂದು ಕೊನೆಯ ಸಂಖ್ಯೆ ಗೊತ್ತಾಗಬೇಕು.

ಆ ಕ್ಷಣ ಯಾವುದು ಎಂಬುದು ಕೆಲಸವನ್ನು ಅವಲಂಬಿಸುತ್ತದೆ. ಸರ್ವಿಸ್ ಆರಂಭವಾಗುವಾಗ ಕಾಂಪ್ಯಾಕ್ಟೆಡ್ ಟಾಪಿಕ್‌ನಿಂದ (ಪ್ರತಿ ಕೀಗೂ ಇತ್ತೀಚಿನ ಸಂದೇಶವನ್ನಷ್ಟೇ ಉಳಿಸುವ ಟಾಪಿಕ್‌ನಿಂದ) ಬೆಲೆಪಟ್ಟಿಯನ್ನೋ ಸೆಟ್ಟಿಂಗ್‌ಗಳನ್ನೋ ಮೆಮೊರಿಗೆ ತುಂಬಿಕೊಳ್ಳುವುದಾದರೆ, ಆರಂಭದ ಕ್ಷಣವೇ ಗಡಿ. ಹಳೆಯ ವ್ಯವಸ್ಥೆಯಿಂದ ಹೊಸದಕ್ಕೆ ಹೋಗುವುದಾದರೆ, ಪ್ರೊಡ್ಯೂಸರ್‌ಗಳೆಲ್ಲ ನಿಂತ ಕ್ಷಣ ಗಡಿ. ಇಲ್ಲಿ ಒಂದು ಎಚ್ಚರಿಕೆ ಬೇಕು. ಪ್ರೊಡ್ಯೂಸರ್ ತನ್ನ ಬಫರ್‌ನಲ್ಲಿ ಸಂದೇಶಗಳನ್ನು ಇಟ್ಟುಕೊಂಡಿರಬಹುದು, ಮತ್ತು ಡೀಫಾಲ್ಟ್ ಸೆಟ್ಟಿಂಗ್‌ನಲ್ಲಿ ಒಂದು ಸಂದೇಶವನ್ನು ತಲುಪಿಸಲು ಅದು 2 ನಿಮಿಷಗಳವರೆಗೆ ಮರುಪ್ರಯತ್ನ ಮಾಡಬಹುದು. ಆದ್ದರಿಂದ ಪ್ರೊಡ್ಯೂಸರ್‌ನಲ್ಲಿ ಫ್ಲಶ್ ಅಥವಾ ಕ್ಲೋಸ್ ಪೂರ್ತಿಯಾದ ಮೇಲೆಯೇ ಗಡಿ ಗುರುತಿಸಬೇಕು. ಹೊಸ ಟ್ರಾಫಿಕ್ ನಿಲ್ಲಿಸಿದ್ದೇವೆ ಎಂಬುದು ಪ್ರೊಡ್ಯೂಸರ್ ಖಾಲಿಯಾಗಿದೆ ಎಂಬುದಕ್ಕೆ ಪುರಾವೆಯಲ್ಲ.

ಒಂದೇ ಒಂದು ಬರಹ ಓದುವ ಕಡೆಗೆ ತಲುಪಿತೇ ಎಂದು ತಿಳಿಯಬೇಕಾದರೆ ಇಷ್ಟೆಲ್ಲ ಬೇಡ. ಕಳುಹಿಸಿದ ಸಂದೇಶಕ್ಕೆ ಬ್ರೋಕರ್ ಒಪ್ಪಿಗೆ ಕೊಡುವಾಗ ಅದರ ಪಾರ್ಟಿಷನ್ ಮತ್ತು ಆಫ್‌ಸೆಟ್ ಎರಡನ್ನೂ ಹಿಂದಿರುಗಿಸುತ್ತದೆ. ಆ ಆಫ್‌ಸೆಟ್‌ಗೆ ಒಂದು ಕೂಡಿಸಿದರೆ ಅದೇ ನಿಮ್ಮ ಗಡಿ.

## ಹಂತ 2: ಪಾರ್ಟಿಷನ್‌ಗಳ ಪಟ್ಟಿಯನ್ನು ಸ್ಥಿರಗೊಳಿಸಿ

ಟಾಪಿಕ್‌ಗೆ ಒಟ್ಟಾರೆಯಾದ ಕೊನೆ ಎಂಬುದಿಲ್ಲ. ಪ್ರತಿ ಪಾರ್ಟಿಷನ್‌ಗೂ ತನ್ನದೇ ಕೊನೆ ಇರುತ್ತದೆ. ಆದ್ದರಿಂದ ಯಾವ ಪಾರ್ಟಿಷನ್‌ಗಳ ಹೊಣೆ ಈ ಕನ್ಸ್ಯೂಮರ್‌ನದ್ದು ಎಂಬುದು ಮೊದಲು ಗೊತ್ತಿರಬೇಕು.

ಇಡೀ ಟಾಪಿಕನ್ನು ಪ್ರತಿ ಇನ್‌ಸ್ಟೆನ್ಸ್ ಕೂಡ ಓದಬೇಕಾದ ಕ್ಯಾಶ್ ತುಂಬುವ ಕೆಲಸಕ್ಕೆ, ಗ್ರೂಪ್‌ನ ಸದಸ್ಯರಿಗೆ ಪಾರ್ಟಿಷನ್‌ಗಳನ್ನು ಹಂಚುವ ಸಬ್‌ಸ್ಕ್ರೈಬ್ ಬಳಸಬೇಡಿ. ಟಾಪಿಕ್‌ನ ಪಾರ್ಟಿಷನ್‌ಗಳನ್ನು ಕೇಳಿ ಪಡೆದು, ಅಸೈನ್ ಮೂಲಕ ಎಲ್ಲವನ್ನೂ ನೇರವಾಗಿ ತೆಗೆದುಕೊಂಡು, ಆರಂಭಕ್ಕೆ ಸೀಕ್ ಮಾಡಿ (ಓದುವ ಜಾಗವನ್ನು ಸರಿಸಿ). ಇದರಿಂದ ರೀಬ್ಯಾಲೆನ್ಸ್ (ಸದಸ್ಯರ ನಡುವೆ ಪಾರ್ಟಿಷನ್‌ಗಳ ಮರುಹಂಚಿಕೆ) ಎಂಬ ಇಡೀ ಸಮಸ್ಯೆಯೇ ಇಲ್ಲವಾಗುತ್ತದೆ. ಈ ಕೆಲಸಕ್ಕೆ ಕನ್ಸ್ಯೂಮರ್ ಗ್ರೂಪ್ ಬಳಸುವುದು ನನ್ನ ದೃಷ್ಟಿಯಲ್ಲಿ ವಿನ್ಯಾಸದ ದೋಷವೇ ಹೌದು, ಏಕೆಂದರೆ ಗ್ರೂಪ್ ಇರುವುದು ಕೆಲಸ ಹಂಚಿಕೊಳ್ಳಲು, ಪ್ರತಿಯೊಬ್ಬರೂ ಎಲ್ಲವನ್ನೂ ಓದಲು ಅಲ್ಲ.

ಕೆಲಸ ಹಂಚಿಕೊಳ್ಳುವ ಗ್ರೂಪ್‌ನಲ್ಲಿ ಒಬ್ಬ ಸದಸ್ಯನಿಗೆ ತನ್ನ ಪಾರ್ಟಿಷನ್‌ಗಳಷ್ಟೇ ಗೊತ್ತು. ತನಗೆ ಅಸೈನ್ ಆಗದ ಪಾರ್ಟಿಷನ್‌ನ ಪೊಸಿಷನ್ ಕೇಳಿದರೆ ಎಕ್ಸೆಪ್ಶನ್ ಬರುತ್ತದೆ. ಇಡೀ ಗ್ರೂಪ್‌ನ ಬಾಕಿ ತೀರಿತೇ ಎಂಬ ತೀರ್ಮಾನವನ್ನು ಹೊರಗಿನಿಂದ, ಕಮಿಟ್ ಆದ ಆಫ್‌ಸೆಟ್‌ಗಳನ್ನು ನೋಡಿಯೇ ಮಾಡಬೇಕು. ಅದಕ್ಕೆ ಆರನೆಯ ಹಂತ ನೋಡಿ.

## ಹಂತ 3: ಗಡಿಯನ್ನು ಒಮ್ಮೆ ಓದಿ, ಇಟ್ಟುಕೊಳ್ಳಿ

ಎಂಡ್‌ಆಫ್‌ಸೆಟ್ಸ್ ಕರೆಯನ್ನು ಒಂದೇ ಬಾರಿ ಮಾಡಿ, ಬಂದ ಸಂಖ್ಯೆಗಳನ್ನು ಪಾರ್ಟಿಷನ್‌ವಾರು ಮ್ಯಾಪ್‌ನಲ್ಲಿ ಇಟ್ಟುಕೊಳ್ಳಿ. ಲೂಪ್‌ನ ಪ್ರತಿ ಸುತ್ತಿನಲ್ಲೂ ಹೊಸದಾಗಿ ಕೇಳಿದರೆ ಗುರಿ ಮುಂದಕ್ಕೆ ಓಡುತ್ತಲೇ ಇರುತ್ತದೆ, ಮತ್ತು ಸಂದೇಶಗಳು ವೇಗವಾಗಿ ಬರುವ ಟಾಪಿಕ್‌ನಲ್ಲಿ ಕನ್ಸ್ಯೂಮರ್ ಎಂದಿಗೂ ಸಿದ್ಧವಾಗುವುದಿಲ್ಲ.

ಈ ಕರೆ ಕೊಡುವ ಸಂಖ್ಯೆ ಕನ್ಸ್ಯೂಮರ್‌ನ ಐಸೊಲೇಷನ್ ಲೆವೆಲ್ (ಕಮಿಟ್ ಆಗದ ಟ್ರಾನ್ಸಾಕ್ಷನ್‌ಗಳ ಸಂದೇಶಗಳನ್ನೂ ಓದಬೇಕೇ ಎಂಬ ಸೆಟ್ಟಿಂಗ್) ಮೇಲೆ ನಿಂತಿದೆ ಎಂಬುದನ್ನು ಬಹಳಷ್ಟು ಜನ ಗಮನಿಸುವುದಿಲ್ಲ. ಡೀಫಾಲ್ಟ್ ಆದ ರೀಡ್-ಅನ್‌ಕಮಿಟೆಡ್‌ನಲ್ಲಿ ಅದು ಹೈ ವಾಟರ್‌ಮಾರ್ಕ್ ಕೊಡುತ್ತದೆ, ಅಂದರೆ ರೆಪ್ಲಿಕಾಗಳಿಗೆ (ಪಾರ್ಟಿಷನ್‌ನ ಪ್ರತಿಗಳಿಗೆ) ತಲುಪಿದ ಕೊನೆಯ ಸಂದೇಶದ ಮುಂದಿನ ಆಫ್‌ಸೆಟ್. ರೀಡ್-ಕಮಿಟೆಡ್‌ನಲ್ಲಿ ಅದು ಲಾಸ್ಟ್ ಸ್ಟೇಬಲ್ ಆಫ್‌ಸೆಟ್ ಕೊಡುತ್ತದೆ, ಅಂದರೆ ಇನ್ನೂ ತೆರೆದಿರುವ ಅತ್ಯಂತ ಹಳೆಯ ಟ್ರಾನ್ಸಾಕ್ಷನ್ ಶುರುವಾದ ಜಾಗ, ಅಂಥದ್ದು ಇಲ್ಲದಿದ್ದರೆ ಹೈ ವಾಟರ್‌ಮಾರ್ಕ್. ಯಾವ ಕನ್ಸ್ಯೂಮರ್ ಓದುತ್ತದೆಯೋ ಅದರಿಂದಲೇ ಗಡಿಯನ್ನು ಕೇಳಿದರೆ ಎರಡೂ ತಾಳೆಯಾಗುತ್ತವೆ. ಗಡಿಯನ್ನು ಬೇರೊಂದು ಕ್ಲೈಂಟ್‌ನಿಂದ ಪಡೆದರೆ ತೊಂದರೆ ಶುರುವಾಗುತ್ತದೆ.

ಮೂರು ಪಾರ್ಟಿಷನ್‌ಗಳ ಟಾಪಿಕ್ ಒಂದನ್ನು ಊಹಿಸಿಕೊಳ್ಳಿ. ಸೊನ್ನೆಯ ಪಾರ್ಟಿಷನ್‌ಗೆ ಯಾರೂ ಏನೂ ಬರೆದಿಲ್ಲ, ಆರಂಭವೂ 0, ಕೊನೆಯೂ 0. ಒಂದನೆಯದರಲ್ಲಿ ಆರಂಭ 1200, ಕೊನೆ 5000, ಆದರೆ ಕೊನೆಯ ಸಂದೇಶದ ಆಫ್‌ಸೆಟ್ 4998. ಎರಡನೆಯದರಲ್ಲಿ ಹೈ ವಾಟರ್‌ಮಾರ್ಕ್ 7400, ಆದರೆ 7310ರಲ್ಲಿ ಶುರುವಾದ ಟ್ರಾನ್ಸಾಕ್ಷನ್ ಇನ್ನೂ ಮುಗಿದಿಲ್ಲ. ರೀಡ್-ಕಮಿಟೆಡ್ ಕನ್ಸ್ಯೂಮರ್‌ಗೆ ಗಡಿಗಳು ಕ್ರಮವಾಗಿ 0, 5000 ಮತ್ತು 7310. ಮುಂದಿನ ಹಂತದ ಪ್ರತಿಯೊಂದು ತಪ್ಪೂ ಈ ಮೂರರಲ್ಲಿ ಯಾವುದಾದರೂ ಒಂದರಲ್ಲಿ ಸಿಕ್ಕಿಬೀಳುತ್ತದೆ.

## ಹಂತ 4: ಸಂದೇಶದ ಆಫ್‌ಸೆಟ್ ಅಲ್ಲ, ಪೊಸಿಷನ್ ಹೋಲಿಸಿ

ಅತಿ ಹೆಚ್ಚು ಜನ ಎಡವುವ ಜಾಗ ಇದೇ. ಓದಿದ ಸಂದೇಶದ ಆಫ್‌ಸೆಟ್, ಗಡಿಗಿಂತ ಒಂದು ಕಡಿಮೆ ಆದಾಗ ನಿಲ್ಲಿಸುವುದು ನೋಡಲು ಸರಿಯೆನಿಸುತ್ತದೆ. ಆದರೆ ಕಾಫ್ಕಾದ ಆಫ್‌ಸೆಟ್‌ಗಳು ಎಡೆಬಿಡದೆ ಸಾಲಾಗಿ ಇರುತ್ತವೆ ಎಂಬ ಖಾತರಿ ಇಲ್ಲ. ಕಾಂಪ್ಯಾಕ್ಷನ್ ಹಳೆಯ ಸಂದೇಶಗಳನ್ನು ತೆಗೆದಾಗ ನಡುವೆ ತೆರಪುಗಳಾಗುತ್ತವೆ. ಟ್ರಾನ್ಸಾಕ್ಷನ್ ಕಮಿಟ್ (ಒಪ್ಪಿಗೆ) ಅಥವಾ ಅಬಾರ್ಟ್ (ರದ್ದು) ಆದಾಗ ಬ್ರೋಕರ್ ಬರೆಯುವ ಗುರುತಿಗೂ ಒಂದು ಆಫ್‌ಸೆಟ್ ಖರ್ಚಾಗುತ್ತದೆ, ಆದರೆ ಆ ಗುರುತು ನಿಮ್ಮ ಕೋಡ್‌ಗೆ ಎಂದೂ ತಲುಪುವುದಿಲ್ಲ. ಮೇಲಿನ ಒಂದನೆಯ ಪಾರ್ಟಿಷನ್‌ನಲ್ಲಿ 4999 ಅಂಥದ್ದೇ ಗುರುತು. ಆ ಆಫ್‌ಸೆಟ್‌ನ ಸಂದೇಶಕ್ಕಾಗಿ ಕಾಯುವ ಕೋಡ್ ಕಾಯುತ್ತಲೇ ಇರುತ್ತದೆ.

ಪೊಸಿಷನ್ ಈ ಗುರುತುಗಳನ್ನು ದಾಟಿ ಮುಂದೆ ಹೋಗುತ್ತದೆ. ಆದ್ದರಿಂದ ಪ್ರತಿ ಪಾರ್ಟಿಷನ್‌ಗೂ ಪೊಸಿಷನ್ ಗಡಿಗೆ ಸಮವಾಗಿದೆಯೇ ಅಥವಾ ಗಡಿಯನ್ನು ಮೀರಿದೆಯೇ ಎಂದು ನೋಡಿ. "ಸಮ" ಎಂದಷ್ಟೇ ಪರೀಕ್ಷಿಸಬೇಡಿ. ಒಂದು ಪೋಲ್‌ನಲ್ಲಿ ಡೀಫಾಲ್ಟ್ ಆಗಿ 500 ಸಂದೇಶಗಳವರೆಗೆ ಬರುತ್ತವೆ, ಗಡಿಯಾಚೆಯ ಹೊಸ ಸಂದೇಶಗಳೂ ಅದರಲ್ಲಿ ಸೇರಿರಬಹುದು, ಆಗ ಪೊಸಿಷನ್ ಗಡಿಯ ಮೇಲೆ ನಿಲ್ಲದೆ ಮುಂದಕ್ಕೆ ಹಾರಿರುತ್ತದೆ.

ಲೂಪ್‌ನ ರಚನೆ ಹೀಗಿರಲಿ: ಪೋಲ್ ಮಾಡಿ, ಬಂದ ಸಂದೇಶಗಳನ್ನೆಲ್ಲ ಸಂಸ್ಕರಿಸಿ, ಅನಂತರ ಸಂದೇಶ ಬಂದಿರಲಿ ಬಾರದಿರಲಿ ಪೊಸಿಷನ್‌ಗಳನ್ನು ಗಡಿಗಳೊಡನೆ ಹೋಲಿಸಿ, ಎಲ್ಲವೂ ಮುಟ್ಟಿದ್ದರೆ ಹೊರಬನ್ನಿ. ಈ ಹೋಲಿಕೆಯನ್ನು ಸಂದೇಶಗಳ ಒಳಲೂಪ್‌ನೊಳಗೆ ಇಟ್ಟರೆ, ಖಾಲಿ ಪೋಲ್ ಬಂದಾಗ ಅದು ನಡೆಯುವುದೇ ಇಲ್ಲ. ಆಗ ಟಾಪಿಕ್ ಪೂರ್ತಿ ಖಾಲಿಯಿದ್ದರೆ ಸರ್ವಿಸ್ ಶುರುವಾಗುವುದೇ ಇಲ್ಲ. ಹೊಸದಾಗಿ ನಿರ್ಮಿಸಿದ ಪರಿಸರದಲ್ಲಿ ಮೊದಲ ಬಾರಿ ಡಿಪ್ಲಾಯ್ ಮಾಡಿದಾಗ ಮಾತ್ರ ಕಾಣುವ ದೋಷವಾದ್ದರಿಂದ ಇದನ್ನು ಹುಡುಕುವುದೂ ಕಷ್ಟ.

ಖಾಲಿ ಪೋಲ್ ಏಕೆ ಪುರಾವೆಯಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಬ್ರೋಕರ್‌ನ ಸಂಪರ್ಕ ಇನ್ನೂ ಆಗಿರದಿರಬಹುದು, ರೀಬ್ಯಾಲೆನ್ಸ್ ನಡೆಯುತ್ತಿರಬಹುದು, ಫೆಚ್ ದಾರಿಯಲ್ಲಿರಬಹುದು, ಇಲ್ಲವೇ ನೀವು ಕೊಟ್ಟ ಟೈಮ್‌ಔಟ್ ತೀರಾ ಚಿಕ್ಕದಿರಬಹುದು. ಟೈಮ್‌ಔಟ್ ಹೆಚ್ಚಿಸುವುದು, "ಸತತ ಮೂರು ಬಾರಿ ಖಾಲಿ ಬಂದರೆ ಮುಗಿಯಿತು" ಎಂದು ಎಣಿಸುವುದು ಇವೆಲ್ಲ ತಪ್ಪಿನ ಸಾಧ್ಯತೆಯನ್ನು ತಗ್ಗಿಸುತ್ತವೆಯೇ ಹೊರತು ಇಲ್ಲವಾಗಿಸುವುದಿಲ್ಲ.

ಕಾಫ್ಕಾ 3.0ರಿಂದ ಜಾವಾ ಕನ್ಸ್ಯೂಮರ್‌ನಲ್ಲಿ ಕರೆಂಟ್‌ಲ್ಯಾಗ್ ಎಂಬ ಕರೆಯೂ ಇದೆ. ಅದು ಬ್ರೋಕರ್‌ಗೆ ಹೋಗದೆ ಕ್ಲೈಂಟ್‌ಗೆ ಈಗಾಗಲೇ ಗೊತ್ತಿರುವ ಮಾಹಿತಿಯಿಂದ ಉತ್ತರಿಸುತ್ತದೆ, ಗೊತ್ತಿಲ್ಲದಿದ್ದರೆ ಖಾಲಿ ಮೌಲ್ಯ ಕೊಡುತ್ತದೆ. ಆ ಖಾಲಿ ಮೌಲ್ಯವನ್ನು ಸೊನ್ನೆ ಎಂದು ಓದಿಕೊಂಡರೆ ಹಳೆಯ ತಪ್ಪೇ ಹೊಸ ರೂಪದಲ್ಲಿ ಬರುತ್ತದೆ. ಸಿ ಭಾಷೆಯ ಲಿಬ್‌ಆರ್‌ಡಿಕಾಫ್ಕಾ ಮತ್ತು ಅದನ್ನು ಆಧರಿಸಿದ ಪೈಥಾನ್, ಗೋ ಕ್ಲೈಂಟ್‌ಗಳಲ್ಲಿ ಪಾರ್ಟಿಷನ್ ಕೊನೆ ಮುಟ್ಟಿದಾಗ ಸೂಚನೆ ಕೊಡುವ ಸೆಟ್ಟಿಂಗ್ ಇದೆ, ಆದರೆ 1.0 ಆವೃತ್ತಿಯಿಂದ ಅದು ಡೀಫಾಲ್ಟ್ ಆಗಿ ಆಫ್ ಆಗಿರುತ್ತದೆ.

## ಹಂತ 5: ಓದಿದ್ದು ಬೇರೆ, ಮುಗಿಸಿದ್ದು ಬೇರೆ

ಪೋಲ್ ಸಂದೇಶಗಳನ್ನು ನಿಮ್ಮ ಕೈಗೆ ಕೊಟ್ಟ ಕೂಡಲೇ ಪೊಸಿಷನ್ ಮುಂದೆ ಸರಿಯುತ್ತದೆ. ಅವುಗಳನ್ನು ನೀವು ಡೇಟಾಬೇಸ್‌ಗೆ ಬರೆದಿರೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ಪೋಲ್ ಮಾಡುವ ಥ್ರೆಡ್‌ನಲ್ಲಿಯೇ ಕೆಲಸವೂ ಮುಗಿಯುವುದಾದರೆ, ಹೋಲಿಕೆಯನ್ನು ಸಂಸ್ಕರಣೆಯ ನಂತರ ಇಟ್ಟರೆ ಸಾಕು.

ಕೆಲಸವನ್ನು ಬೇರೆ ಥ್ರೆಡ್‌ಗಳಿಗೆ ಹಂಚುವುದಾದರೆ ಇಷ್ಟು ಸಾಲದು. ಪ್ರತಿ ಪಾರ್ಟಿಷನ್‌ಗೂ, ಕೈಗೆತ್ತಿಕೊಂಡು ಇನ್ನೂ ಮುಗಿಸದ ಆಫ್‌ಸೆಟ್‌ಗಳ ಪಟ್ಟಿ ಇಟ್ಟುಕೊಳ್ಳಿ. ಆ ಪಟ್ಟಿಯ ಅತ್ಯಂತ ಚಿಕ್ಕ ಆಫ್‌ಸೆಟ್ಟೇ ನಿಜವಾದ ಪ್ರಗತಿ, ಪಟ್ಟಿ ಖಾಲಿಯಿದ್ದರೆ ಪೊಸಿಷನ್ನೇ ಪ್ರಗತಿ. 110ನೆಯ ಸಂದೇಶ ಮುಗಿದಿದ್ದರೂ 104 ಇನ್ನೂ ಒಂದು ಥ್ರೆಡ್‌ನಲ್ಲಿ ಸಿಲುಕಿದ್ದರೆ ನಿಮ್ಮ ಪ್ರಗತಿ 104 ಮಾತ್ರ, ಮತ್ತು ಕಮಿಟ್ ಮಾಡಬೇಕಾದದ್ದೂ ಅಷ್ಟೇ.

ಕಾಫ್ಕಾದ ಜಾವಾ ಕನ್ಸ್ಯೂಮರ್ ಅನ್ನು ಒಂದಕ್ಕಿಂತ ಹೆಚ್ಚು ಥ್ರೆಡ್‌ಗಳಿಂದ ಏಕಕಾಲದಲ್ಲಿ ಬಳಸುವಂತಿಲ್ಲ ಎಂಬುದನ್ನೂ ಮರೆಯಬೇಡಿ. ಹೆಲ್ತ್ ಚೆಕ್‌ನ ಥ್ರೆಡ್ ನೇರವಾಗಿ ಪೊಸಿಷನ್ ಕೇಳಿದರೆ ಎಕ್ಸೆಪ್ಶನ್ ಬರುತ್ತದೆ. ಪೋಲ್ ಮಾಡುವ ಥ್ರೆಡ್ ತಾನೇ ತೀರ್ಮಾನಿಸಿ ಒಂದು ಅಟಾಮಿಕ್ ಫ್ಲ್ಯಾಗ್‌ನಲ್ಲಿ ಬರೆಯಲಿ, ಹೆಲ್ತ್ ಚೆಕ್ ಅದನ್ನಷ್ಟೇ ಓದಲಿ.

## ಹಂತ 6: ಇಡೀ ಗ್ರೂಪ್‌ನ ಬಾಕಿಯನ್ನು ಹೊರಗಿನಿಂದ ಅಳೆಯುವುದು

ಹಳೆಯ ಗ್ರೂಪ್ ಅನ್ನು ನಿಲ್ಲಿಸುವ ಮೊದಲು ಅಥವಾ ರಾತ್ರಿಯ ಬ್ಯಾಚ್ ಕೆಲಸ ಶುರು ಮಾಡುವ ಮೊದಲು ಈ ಹಂತ ಬೇಕಾಗುತ್ತದೆ. ಅಡ್ಮಿನ್ ಕ್ಲೈಂಟ್ ಮೂಲಕ ಎಲ್ಲ ಪಾರ್ಟಿಷನ್‌ಗಳ ಗಡಿ ಪಡೆಯಿರಿ, ಅದನ್ನು ಸ್ಥಿರವಾಗಿ ಇಟ್ಟುಕೊಳ್ಳಿ, ಗ್ರೂಪ್‌ನ ಕಮಿಟೆಡ್ ಆಫ್‌ಸೆಟ್‌ಗಳು ಅದನ್ನು ಮುಟ್ಟುವವರೆಗೆ ಕೆಲವು ಸೆಕೆಂಡುಗಳಿಗೊಮ್ಮೆ ನೋಡುತ್ತಿರಿ. ಕನ್ಸ್ಯೂಮರ್ ರೀಡ್-ಕಮಿಟೆಡ್ ಆಗಿದ್ದರೆ ಅಡ್ಮಿನ್ ಕ್ಲೈಂಟ್‌ಗೂ ಅದೇ ಐಸೊಲೇಷನ್ ಲೆವೆಲ್ ಕೊಡಿ.

ಕಮಿಟೆಡ್ ಆಫ್‌ಸೆಟ್ ಸಾಮಾನ್ಯವಾಗಿ ನಿಜ ಸ್ಥಿತಿಗಿಂತ ಸ್ವಲ್ಪ ಹಿಂದೆ ಇರುತ್ತದೆ. ಆಟೊ ಕಮಿಟ್ ಡೀಫಾಲ್ಟ್ ಆಗಿ 5 ಸೆಕೆಂಡುಗಳಿಗೊಮ್ಮೆ ನಡೆಯುತ್ತದೆ, ಆದ್ದರಿಂದ ಅದಕ್ಕಿಂತ ಬೇಗ ಬೇಗ ನೋಡಿ ಪ್ರಯೋಜನವಿಲ್ಲ. ಇಲ್ಲಿ ಹಿಂದೆ ಇರುವುದು ಸುರಕ್ಷಿತ ಬದಿಯ ತಪ್ಪು, ಹೆಚ್ಚೆಂದರೆ ಸ್ವಲ್ಪ ಹೊತ್ತು ಜಾಸ್ತಿ ಕಾಯುತ್ತೀರಿ.

ಯಾವ ಪಾರ್ಟಿಷನ್‌ನಲ್ಲಿ ಗ್ರೂಪ್ ಒಮ್ಮೆಯೂ ಕಮಿಟ್ ಮಾಡಿಲ್ಲವೋ ಅಲ್ಲಿ ಕಮಾಂಡ್ ಸಂಖ್ಯೆಯ ಬದಲು ಅಡ್ಡಗೆರೆ ತೋರಿಸುತ್ತದೆ. ಲ್ಯಾಗ್ ಕೂಡಿಸುವ ಸ್ಕ್ರಿಪ್ಟ್‌ಗಳು ಇದನ್ನು ಬಹುಪಾಲು ಸೊನ್ನೆ ಎಂದೇ ಲೆಕ್ಕ ಹಾಕುತ್ತವೆ. ಪಾರ್ಟಿಷನ್ ನಿಜವಾಗಿಯೂ ಖಾಲಿಯಾಗಿದ್ದರೆ, ಅಂದರೆ ಆರಂಭ ಮತ್ತು ಕೊನೆ ಎರಡೂ ಒಂದೇ ಆಗಿದ್ದರೆ ಮಾತ್ರ ಅದು ಸರಿ. ಇಲ್ಲದಿದ್ದರೆ ಅಡ್ಡಗೆರೆಯನ್ನು "ಗೊತ್ತಿಲ್ಲ" ಎಂದೇ ಓದಿ, "ತೀರಿಲ್ಲ" ಎಂದು ಪರಿಗಣಿಸಿ.

ಕೂಡಿಸಿದ ಮೊತ್ತಕ್ಕಿಂತ ಅತ್ಯಂತ ಹಿಂದುಳಿದ ಪಾರ್ಟಿಷನ್‌ನ ಲ್ಯಾಗ್ ಹೆಚ್ಚು ಉಪಯುಕ್ತ. ಉಳಿದವೆಲ್ಲ ಸೊನ್ನೆಯಿದ್ದು ಒಂದೇ ಪಾರ್ಟಿಷನ್ ಕದಲದೆ ನಿಂತಿದ್ದರೆ, ಅಲ್ಲಿ ಕೋಡ್‌ಗೆ ಸಂಸ್ಕರಿಸಲಾಗದ ಸಂದೇಶವೊಂದು ಕೂತಿರುವ ಸಾಧ್ಯತೆಯೇ ಹೆಚ್ಚು. ಸರಾಸರಿ ಈ ಸುದ್ದಿಯನ್ನು ಮುಚ್ಚಿಹಾಕುತ್ತದೆ.

## ಹಂತ 7: ಕಾಯುವುದಕ್ಕೆ ಮಿತಿ ಹಾಕಿ, ತೀರ್ಮಾನವನ್ನು ಸರಿಯಾದ ಕಡೆ ಜೋಡಿಸಿ

ಗಡಿಯನ್ನು ಮುಟ್ಟಲಾಗದ ಸಂದರ್ಭಗಳೂ ಇವೆ. ಟಾಪಿಕ್ ಅಳಿಸಿ ಅದೇ ಹೆಸರಿನಲ್ಲಿ ಮತ್ತೆ ಸೃಷ್ಟಿಸಿದರೆ, ಅಥವಾ ಅನ್‌ಕ್ಲೀನ್ ಲೀಡರ್ ಆಯ್ಕೆಯಿಂದ (ಹಿಂದುಳಿದ ರೆಪ್ಲಿಕಾವೊಂದು ಮುಖ್ಯ ಪ್ರತಿಯಾಗುವುದರಿಂದ) ಲಾಗ್‌ನ ತುದಿ ಕಳೆದುಹೋದರೆ, ನೀವು ಹಿಡಿದಿಟ್ಟ ಸಂಖ್ಯೆ ಲಾಗ್‌ನ ಹೊಸ ಕೊನೆಗಿಂತ ಮುಂದೆ ಇರುತ್ತದೆ. ಆದ್ದರಿಂದ ಕಾಯುವಿಕೆಗೆ ಕಾಲಮಿತಿ ಇರಲೇಬೇಕು. ಮಿತಿ ಮೀರಿದಾಗ ಯಾವ ಪಾರ್ಟಿಷನ್ ಎಷ್ಟು ಹಿಂದಿದೆ, ಗಡಿ ಎಷ್ಟಿತ್ತು, ಈಗಿನ ಎಂಡ್ ಆಫ್‌ಸೆಟ್ ಎಷ್ಟು ಎಂಬುದನ್ನೆಲ್ಲ ಪ್ರೋಗ್ರಾಂನ ಲಾಗ್ ಫೈಲ್‌ನಲ್ಲಿ ಬರೆದು ವಿಫಲವಾಗಿ ನಿಲ್ಲಿ. ಮಿತಿ ಮೀರಿತೆಂದು "ಸಿದ್ಧ" ಎಂದು ಘೋಷಿಸುವ ಕೋಡ್ ಈವರೆಗಿನ ಎಲ್ಲ ಶ್ರಮವನ್ನೂ ವ್ಯರ್ಥ ಮಾಡುತ್ತದೆ.

ಕುಬರ್ನೆಟೀಸ್ (ಸರ್ವಿಸ್‌ಗಳನ್ನು ಪಾಡ್ ಎಂಬ ಘಟಕಗಳಲ್ಲಿ ನಡೆಸುವ ವ್ಯವಸ್ಥೆ) ಬಳಸುವವರು ಬಾಕಿ ತೀರಿದ ಫ್ಲ್ಯಾಗನ್ನು, ಟ್ರಾಫಿಕ್ ಕಳುಹಿಸಬಹುದೇ ಎಂದು ನೋಡುವ ರೆಡಿನೆಸ್ ಪ್ರೋಬ್‌ಗೆ ಜೋಡಿಸಲಿ, ರೀಸ್ಟಾರ್ಟ್ ಮಾಡಬೇಕೇ ಎಂದು ನೋಡುವ ಲೈವ್‌ನೆಸ್ ಪ್ರೋಬ್‌ಗೆ ಅಲ್ಲ. ಲೈವ್‌ನೆಸ್‌ಗೆ ಜೋಡಿಸಿದರೆ, ಓದಲು ಬಹಳ ಇರುವ ದಿನ ಪಾಡ್ ಅರ್ಧ ಓದಿರುವಾಗಲೇ ಕೊಲ್ಲಲ್ಪಟ್ಟು ಮತ್ತೆ ಮೊದಲಿನಿಂದ ಶುರುವಾಗುತ್ತದೆ, ಮತ್ತು ಆ ಚಕ್ರ ತಾನಾಗಿ ಮುರಿಯುವುದಿಲ್ಲ. ಒಮ್ಮೆ ಸಿದ್ಧವೆಂದು ಹೇಳಿದ ಮೇಲೆ ಫ್ಲ್ಯಾಗ್ ಹಿಂದಕ್ಕೆ ಹೋಗದಿರಲಿ. ಆಮೇಲಿನ ಹಿಂದುಳಿಕೆಗೆ ಅಲಾರಂ ಬೇರೆಯೇ ಇರಲಿ, ಇಲ್ಲದಿದ್ದರೆ ಟ್ರಾಫಿಕ್ ಏರಿದಾಗ ಎಲ್ಲ ಪಾಡ್‌ಗಳೂ ಒಟ್ಟಿಗೆ ಸೇವೆಯಿಂದ ಹೊರಬೀಳುತ್ತವೆ.

## ಗಮನಿಸಬೇಕಾದ ಅಪಾಯದ ಸೂಚನೆಗಳು

ಲ್ಯಾಗ್ ಸದಾ 1ರಲ್ಲೇ ನಿಂತಿದೆ. ಇದಕ್ಕೆ ಎರಡು ಕಾರಣಗಳಿರಬಹುದು. ಕಮಿಟ್ ಮಾಡುವಾಗ ಸಂದೇಶದ ಆಫ್‌ಸೆಟ್‌ಗೆ ಒಂದು ಕೂಡಿಸದೇ ಇದ್ದರೆ ಹೀಗಾಗುತ್ತದೆ, ಮತ್ತು ಆಗ ಪ್ರತಿ ರೀಸ್ಟಾರ್ಟ್‌ನಲ್ಲೂ ಕೊನೆಯ ಸಂದೇಶ ಎರಡನೆಯ ಬಾರಿ ಸಂಸ್ಕರಣೆಯಾಗುತ್ತದೆ. ಸರಿಯಾಗಿ ಕೂಡಿಸಿದ್ದರೂ ಪ್ರೊಡ್ಯೂಸರ್ ಟ್ರಾನ್ಸಾಕ್ಷನ್ ಬಳಸುತ್ತಿದ್ದರೆ, ಕೊನೆಯ ಸಂದೇಶದ ನಂತರದ ಗುರುತಿನ ಆಫ್‌ಸೆಟ್ ಲೆಕ್ಕದಲ್ಲಿ ಉಳಿದುಬಿಡುತ್ತದೆ. ಎರಡನೆಯದಕ್ಕೆ ಪರಿಹಾರ, ಸಂದೇಶದಿಂದ ಲೆಕ್ಕ ಹಾಕುವ ಬದಲು ಪೊಸಿಷನ್ ಅನ್ನೇ ಕಮಿಟ್ ಮಾಡುವುದು. "ಲ್ಯಾಗ್ 1 ಇದ್ದರೂ ಪರವಾಗಿಲ್ಲ" ಎಂದು ಸಡಿಲಿಸುವುದು ಪರಿಹಾರವಲ್ಲ, ಏಕೆಂದರೆ ಆ 1 ನಿಜವಾದ ಸಂದೇಶವಾಗಿರುವ ದಿನವೂ ಬರುತ್ತದೆ.

ಲ್ಯಾಗ್ ಲಕ್ಷಗಳಲ್ಲಿದ್ದದ್ದು ಕ್ಷಣಮಾತ್ರದಲ್ಲಿ ಸೊನ್ನೆಯಾಯಿತು. ಇದನ್ನು ನೋಡಿ ಸಂತೋಷಪಡುವ ಮೊದಲು ಕನ್ಸ್ಯೂಮರ್ ಲಾಗ್‌ನಲ್ಲಿ ಆಫ್‌ಸೆಟ್ ರೀಸೆಟ್ ಆದ ಸಾಲಿಗಾಗಿ ಹುಡುಕಿ. ಕನ್ಸ್ಯೂಮರ್ ತೀರಾ ಹಿಂದುಳಿದು, ಅದು ಓದಬೇಕಿದ್ದ ಸಂದೇಶಗಳನ್ನು ರಿಟೆನ್ಷನ್ (ಹಳೆಯ ಸಂದೇಶಗಳನ್ನು ಇಡುವ ಮಿತಿ) ಅಳಿಸಿಹಾಕಿದರೆ, ಆಟೊ ಆಫ್‌ಸೆಟ್ ರೀಸೆಟ್‌ನ ಡೀಫಾಲ್ಟ್ ಮೌಲ್ಯವಾದ ಲೇಟೆಸ್ಟ್ ಅದನ್ನು ನೇರ ತುದಿಗೆ ಒಯ್ಯುತ್ತದೆ. ಗ್ರೂಪ್ ಖಾಲಿಯಾಗಿ 7 ದಿನ ಕಳೆದರೂ ಹೀಗೆಯೇ ಆಗಬಹುದು, ಏಕೆಂದರೆ ಡೀಫಾಲ್ಟ್ ಆಗಿ ಅದರ ಆಫ್‌ಸೆಟ್‌ಗಳನ್ನು ಬ್ರೋಕರ್ ಅಷ್ಟೇ ಕಾಲ ಇಟ್ಟುಕೊಳ್ಳುತ್ತದೆ. ಎಲ್ಲ ಮೀಟರ್‌ಗಳೂ ಬಾಕಿ ತೀರಿತೆಂದೇ ಹೇಳುತ್ತವೆ, ಆದರೆ ತೀರಿದ್ದು ಸಂದೇಶಗಳು ಕಳೆದುಹೋಗಿ. ಪ್ರತಿಯೊಂದು ಸಂದೇಶವೂ ಮುಖ್ಯವಾದ ಕಡೆ ಆಟೊ ಆಫ್‌ಸೆಟ್ ರೀಸೆಟ್ ಸೆಟ್ಟಿಂಗನ್ನು ನನ್ (none) ಎಂದು ಇಟ್ಟು, ಎಕ್ಸೆಪ್ಶನ್ ಬಂದು ನಿಲ್ಲುವಂತೆ ಮಾಡುವುದೇ ಲೇಸು.

ರೀಡ್-ಕಮಿಟೆಡ್ ಕನ್ಸ್ಯೂಮರ್‌ಗಳೆಲ್ಲ ಒಂದೇ ಪಾರ್ಟಿಷನ್‌ನ ಒಂದೇ ಆಫ್‌ಸೆಟ್‌ನಲ್ಲಿ ನಿಂತಿವೆ. ಇದು ಕನ್ಸ್ಯೂಮರ್‌ನ ತಪ್ಪಾಗಿರುವುದು ಅಪರೂಪ. ತೆರೆದೇ ಉಳಿದ ಟ್ರಾನ್ಸಾಕ್ಷನ್ ಇದೆಯೇ ಎಂದು ಕಾಫ್ಕಾ-ಟ್ರಾನ್ಸಾಕ್ಷನ್ಸ್ ಕಮಾಂಡ್‌ನಿಂದ ನೋಡಿ.

ಲ್ಯಾಗ್ ಋಣ ಸಂಖ್ಯೆಯಾಗಿ ಕಾಣುತ್ತಿದೆ. ಎಂಡ್ ಆಫ್‌ಸೆಟ್ ಮೊದಲು ಓದಿ, ಕಮಿಟೆಡ್ ಅನ್ನು ಆಮೇಲೆ ಓದುವ ಮಾನಿಟರಿಂಗ್ ಕೋಡ್‌ನಲ್ಲಿ ಇದು ಸಹಜ. ಓದುವ ಕ್ರಮವನ್ನು ತಿರುಗಿಸಿದರೆ ಹೋಗುತ್ತದೆ.

## ಹಂತ 8: ನಂಬುವ ಮೊದಲು ಪರೀಕ್ಷಿಸಿ

ಸಂದೇಶಗಳಿರುವ ಸಾಮಾನ್ಯ ಟಾಪಿಕ್ ಮೇಲೆ ನಡೆಸಿದ ಪರೀಕ್ಷೆ ಏನನ್ನೂ ಸಾಬೀತುಪಡಿಸುವುದಿಲ್ಲ. ಮೊದಲು ಪೂರ್ತಿ ಖಾಲಿ ಟಾಪಿಕ್ ಮೇಲೆ ನಡೆಸಿ, ಕೂಡಲೇ ಸಿದ್ಧವಾಗಬೇಕು. ಆಮೇಲೆ ಒಂದು ಪಾರ್ಟಿಷನ್‌ನಲ್ಲಿ ಮಾತ್ರ ಸಂದೇಶಗಳಿರುವಂತೆ ಮಾಡಿ ನೋಡಿ. ಟ್ರಾನ್ಸಾಕ್ಷನ್ ಬಳಸುವ ಪ್ರೊಡ್ಯೂಸರ್‌ನಿಂದ ಬರೆಯಿಸಿ, ಕೊನೆಯ ಟ್ರಾನ್ಸಾಕ್ಷನ್ ಅನ್ನು ಅಬಾರ್ಟ್ ಮಾಡಿಸಿ. ಆಗ ಪಾರ್ಟಿಷನ್‌ನ ತುದಿಯಲ್ಲಿ ರೀಡ್-ಕಮಿಟೆಡ್ ಕನ್ಸ್ಯೂಮರ್‌ಗೆ ಕಾಣದ ಸಂದೇಶಗಳೂ ಗುರುತೂ ಉಳಿಯುತ್ತವೆ, ಸಂದೇಶದ ಆಫ್‌ಸೆಟ್ ಹೋಲಿಸುವ ಕೋಡ್ ಇಲ್ಲಿಯೇ ನಿಂತುಬಿಡುತ್ತದೆ. ಇನ್ನೊಂದು ಪರೀಕ್ಷೆಯಲ್ಲಿ ಪ್ರೊಡ್ಯೂಸರ್ ನಿಲ್ಲದೆ ಬರೆಯುತ್ತಿರುವಾಗಲೇ ಕನ್ಸ್ಯೂಮರ್ ಶುರು ಮಾಡಿ, ಅದು ಸೀಮಿತ ಸಮಯದಲ್ಲಿ ಸಿದ್ಧವಾಗಬೇಕು. ಕೊನೆಯದಾಗಿ, ಓದುತ್ತಿರುವಾಗ ಬ್ರೋಕರ್ ಜೊತೆಗಿನ ಸಂಪರ್ಕವನ್ನು ಕಡಿದುಹಾಕಿ. ಪೋಲ್‌ಗಳು ಖಾಲಿಯಾಗಿ ಬರತೊಡಗುತ್ತವೆ, ಮತ್ತು ನಿಮ್ಮ ಸರ್ವಿಸ್ ಕಾಲಮಿತಿ ಮುಗಿಯುವವರೆಗೂ ತಾನು ಸಿದ್ಧವಿಲ್ಲವೆಂದೇ ಹೇಳುತ್ತಿರಬೇಕು.